ಖಂಬಾಟ್ಕಿ ಘಾಟಿನಲ್ಲಿ ಕುದಿದ ಎಂಜಿನ್: ಹಳೆಯ ಮಾರುತಿ 800ರ ದೋಷವನ್ನು ನಾನು ಹುಡುಕಿದ ಬಗೆ

ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಕಾರ್ಬ್ಯುರೇಟರಿನ ಎಂಜಿನ್, ಮೂರು ಸಿಲಿಂಡರ್, 796 ಸಿ.ಸಿ., ಎ.ಸಿ. ಇರುವ ಮಾದರಿ. ತಂದೆಯವರು ಬೆಳಗಾವಿಯಲ್ಲಿ ಕೊಂಡಿದ್ದ ಆ ಗಾಡಿಯನ್ನು ನಾನು ಪುಣೆಗೆ ತಂದು ವರ್ಷಗಳೇ ಆದವು. ಧನಕವಡಿಯಿಂದ ಕೆಲಸಕ್ಕೆ ಹೋಗಿಬರುವುದಕ್ಕೂ ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಹೋಗುವುದಕ್ಕೂ ಅದೇ ನನಗೆ ಆಧಾರ.

ಕಳೆದ ಮೇ ತಿಂಗಳಲ್ಲಿ ಒಂದು ಮದುವೆಗೆಂದು ತಾಯಿಯವರನ್ನು ಕೂರಿಸಿಕೊಂಡು ಬೆಳಗಾವಿಗೆ ಹೊರಟಿದ್ದೆ. ಆಗ ಪುಣೆಯಿಂದ ಸಾತಾರದ ಕಡೆಗೆ ಹೋಗುವ ವಾಹನಗಳು ಖಂಬಾಟ್ಕಿ ಘಾಟನ್ನು ಹತ್ತಿಯೇ ಹೋಗಬೇಕಿತ್ತು. ಸುರಂಗವಿದ್ದದ್ದು ಮರಳಿ ಬರುವವರಿಗೆ. ಘಾಟಿನ ಅರ್ಧದಲ್ಲಿ, ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುತ್ತಿದ್ದಾಗ, ತಾಪಮಾನದ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹೋಯಿತು. ಕೂಡಲೇ ಎ.ಸಿ. ಆರಿಸಿದೆ. ಒಂದೆರಡು ನಿಮಿಷದಲ್ಲಿ ಮುಳ್ಳು ಸರ್ರನೆ ಕೆಳಗಿಳಿದದ್ದನ್ನು ಕಂಡು ನನಗೆ ಸಮಾಧಾನವಾಯಿತು. ಆಗ ಪಕ್ಕದಲ್ಲಿ ಕುಳಿತಿದ್ದ ತಾಯಿಯವರು, "ಬೆಲ್ಲದ ಪಾಕ ಸೀದಂಗ ವಾಸನಿ ಬರಾಕತ್ತೈತಲ್ಲೋ ತಮ್ಮಾ" ಎಂದರು. ಗಾಡಿಯನ್ನು ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಹಬೆ ಏಳುತ್ತಿತ್ತು. ಆ ಸಿಹಿ ವಾಸನೆ, ಎಂಜಿನ್ ತಣಿಸಲು ನೀರಿಗೆ ಬೆರೆಸುವ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್‌ನದು.

ಮುಳ್ಳು ಇಳಿದದ್ದೇಕೆ ಎಂಬುದನ್ನು ಹಳೆಯ ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ತಾಪ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜ ಹೇಳುತ್ತದೆ. ನೀರು ಕುದಿದು ಹೊರಚೆಲ್ಲಿ ಅದರ ಮಟ್ಟ ಸೆನ್ಸರಿಗಿಂತ ಕೆಳಗೆ ಹೋದರೆ, ಸೆನ್ಸರಿನ ಸುತ್ತ ಹಬೆ, ಗಾಳಿಗಳಷ್ಟೇ ಉಳಿಯುತ್ತವೆ, ಮುಳ್ಳು ಕೆಳಗಿಳಿಯುತ್ತದೆ, ಎಂಜಿನ್ ಮಾತ್ರ ಆಗಲೇ ಅತಿ ಹೆಚ್ಚು ಕಾದಿರುತ್ತದೆ. ಈ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂ, ಸಿಲಿಂಡರುಗಳಿರುವ ಕೆಳಭಾಗವಾದ ಬ್ಲಾಕ್ ಎರಕದ ಕಬ್ಬಿಣ. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಇಂಥ ಹೊತ್ತಿನಲ್ಲಿ ಇನ್ನೈದು ನಿಮಿಷ ಓಡಿಸಿದ್ದರೂ ಹೆಡ್ ಸೊಟ್ಟಗಾಗುವ ಸಂಭವವಿತ್ತು. ಆ ದಿನ ಎಂಜಿನ್ನನ್ನು ಉಳಿಸಿದ್ದು ತಾಯಿಯವರ ಮೂಗು.

ಎಂಜಿನ್ನಿನ ಬಿಸಿನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರಿನ ಮುಚ್ಚಳವನ್ನು ಮುಕ್ಕಾಲು ಗಂಟೆ ಮುಟ್ಟದೆ ಕಾದೆ. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹಾಕಿ ಮುಚ್ಚಳ ತೆಗೆದು, ಎರಡು ಲೀಟರಿನಷ್ಟು ನೀರನ್ನು ನಿಧಾನವಾಗಿ ತುಂಬಿದೆ. ಉಳಿದ ದಾರಿಯನ್ನು ಹೀಟರ್ ಪೂರ್ತಿ ತೆರೆದು, ಕಿಟಕಿ ಇಳಿಸಿ, ನಿಧಾನವಾಗಿ ಓಡಿಸಿಕೊಂಡು ಮುಗಿಸಿದೆವು. ಹೀಟರ್ ಎಂಬುದೂ ಒಂದು ಪುಟ್ಟ ರೇಡಿಯೇಟರೇ ಆದ್ದರಿಂದ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನು ಅದು ಹೊರಹಾಕುತ್ತದೆ.

ಇದು ಒಮ್ಮೆಲೇ ಬಂದ ಕಾಯಿಲೆಯಾಗಿರಲಿಲ್ಲ. ಹಿಂದಿನ ಒಂದು ವರ್ಷದಲ್ಲಿ ಎರಡು ಗ್ಯಾರೇಜುಗಳಿಗೆ ಹೋಗಿಬಂದಿದ್ದೆ. ಒಂದು ಕಡೆ, "ನಮ್ಮ ಬಿಸಲಿಗೆ ಇದು ಬ್ಯಾಡ್ರಿ ಸರ" ಎಂದು, ಎಂಜಿನ್ ಬಿಸಿಯೇರುವವರೆಗೆ ರೇಡಿಯೇಟರಿಗೆ ನೀರು ಹರಿಯದಂತೆ ತಡೆಯುವ ಥರ್ಮೋಸ್ಟಾಟನ್ನೇ ತೆಗೆದುಹಾಕಿದ್ದರು. ಇನ್ನೊಂದು ಕಡೆ ವಾಟರ್ ಪಂಪ್ ಬದಲಿಸಿ, ರೇಡಿಯೇಟರ್ ಫ್ಯಾನು ಇಗ್ನಿಷನ್ ಹಾಕಿದ ಕೂಡಲೇ ತಿರುಗುವಂತೆ ನೇರ ವೈರ್ ಎಳೆದಿದ್ದರು. ಘಾಟಿನ ಘಟನೆಯ ನಂತರ ಮೂರನೆಯ ಕಡೆ ಕೇಳಿದರೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂಬ ಉತ್ತರ ಬಂತು. ಮೂವರಲ್ಲಿ ಯಾರೂ ಗಾಡಿ ಯಾವಾಗ ಬಿಸಿಯಾಗುತ್ತದೆ ಎಂದು ನನ್ನನ್ನು ಕೇಳಿರಲಿಲ್ಲ. ಆ ಪ್ರಶ್ನೆಯಿಂದಲೇ ನಾನು ಆರಂಭಿಸಿದೆ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸ್ವಾರ್ಗೇಟ್ ಸಿಗ್ನಲ್ಲಿನ ದಟ್ಟಣೆಯಲ್ಲಿ ಎಷ್ಟು ಹೊತ್ತು ನಿಂತರೂ ಮುಳ್ಳು ನಡುವಿನಲ್ಲೇ ಇರುತ್ತಿತ್ತು. ಶಿರ್ವಳದ ಕಡೆಯ ಸಮತಟ್ಟಾದ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಅದು ತುಸು ಮೇಲೇರುತ್ತಿತ್ತು. ಏರು ಬಂದರೆ ಮಾತ್ರ ಹಿಡಿತ ತಪ್ಪುತ್ತಿತ್ತು. ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಫ್ಯಾನ್, ಅದರ ಸ್ವಿಚ್, ಫ್ಯೂಸ್ ಇವುಗಳನ್ನು. ನನ್ನ ಗಾಡಿಯ ಲಕ್ಷಣ ಅದಕ್ಕೆ ವಿರುದ್ಧವಾಗಿತ್ತು. ಏರಿನಲ್ಲಿ ಎಂಜಿನ್ ಪೂರ್ಣ ಶಕ್ತಿಯಿಂದ ದುಡಿಯುತ್ತದೆ, ಗಾಡಿಯ ವೇಗ ಮಾತ್ರ ಕಡಿಮೆ ಇರುವುದರಿಂದ ಎದುರುಗಾಳಿಯ ನೆರವೂ ಕಡಿಮೆ. ಊರೊಳಗೆ ಅರ್ಧ ರೇಡಿಯೇಟರಿನಲ್ಲಿ ನಡೆದುಹೋಗುವ ಕೆಲಸಕ್ಕೆ ಘಾಟಿನಲ್ಲಿ ಇಡೀ ರೇಡಿಯೇಟರ್ ಬೇಕಾಗುತ್ತದೆ. ಎಂದರೆ ದೋಷವಿರುವುದು ನೀರಿನ ಹರಿವಿನಲ್ಲಿ ಅಥವಾ ರೇಡಿಯೇಟರಿನ ಸಾಮರ್ಥ್ಯದಲ್ಲಿ.

ಎರಡನೆಯ ಸುಳಿವು ಒಂದು ಮುಂಜಾನೆ ಸಿಕ್ಕಿತು. ರಾತ್ರಿ ನಿಲ್ಲಿಸಿದ್ದ ಗಾಡಿಯ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಪೈಪ್ ಎರಡು ಬೆರಳಿನಿಂದ ಒತ್ತಿ ಹಿಡಿದಂತೆ ಚಪ್ಪಟೆಯಾಗಿತ್ತು. ಮುಚ್ಚಳವನ್ನು ಸಡಿಲಿಸುತ್ತಿದ್ದಂತೆ ಅದು ಉಸಿರೆಳೆದುಕೊಂಡ ಹಾಗೆ ಸದ್ದು ಮಾಡಿ ಮತ್ತೆ ದುಂಡಗಾಯಿತು. ಪಕ್ಕದ ರಿಸರ್ವ್ ಬಾಟಲಿಯಲ್ಲಿ ಗುರುತಿಗಿಂತ ಮೇಲೆ ನೀರಿದ್ದರೂ ರೇಡಿಯೇಟರಿನೊಳಗೆ ಎರಡು ಬೆರಳಿನಷ್ಟು ನೀರು ಕಡಿಮೆಯಿತ್ತು. ರೇಡಿಯೇಟರಿನ ಮುಚ್ಚಳದಲ್ಲಿ ಎರಡು ವಾಲ್ವುಗಳಿರುತ್ತವೆ. ದೊಡ್ಡದು ಒತ್ತಡವನ್ನು ಹಿಡಿದಿಟ್ಟು, ಮಿತಿ ಮೀರಿದಾಗ ನೀರನ್ನು ಬಾಟಲಿಗೆ ಬಿಡುತ್ತದೆ. ನಡುವಿನ ಪುಟ್ಟದು, ಎಂಜಿನ್ ತಣಿದು ಒಳಗಿನ ನೀರು ಕುಗ್ಗಿದಾಗ ತೆರೆದುಕೊಂಡು ಬಾಟಲಿಯ ನೀರನ್ನು ಮರಳಿ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಮುಚ್ಚಳದ ಪುಟ್ಟ ವಾಲ್ವು ಕಿಲುಬುಗಟ್ಟಿ ಅಂಟಿಕೊಂಡಿತ್ತು. ಆದ್ದರಿಂದ ಹೊರಗೆ ಹೋದ ನೀರು ಮರಳಿ ಬರದೆ, ದಿನದಿಂದ ದಿನಕ್ಕೆ ಎಂಜಿನ್ ಬರಿದಾಗುತ್ತಿತ್ತು; ನೆಲದ ಮೇಲೆ ಒಂದು ಹನಿಯೂ ಕಾಣದಿದ್ದುದರಿಂದ ನೀರು ಎಂಜಿನ್ನಿನ ಒಳಗೇ ಸುಡುತ್ತಿದೆ ಎಂದು ಎಲ್ಲರೂ ಊಹಿಸಿದ್ದರು.

ದೊಡ್ಡ ವಾಲ್ವು ಹೇಗಿದೆ ಎಂದು ನೋಡಲು ಮುಚ್ಚಳವನ್ನು ಪುಣೆಯ ನಾನಾ ಪೇಠ್ ಬಡಾವಣೆಯ ರೇಡಿಯೇಟರ್ ಅಂಗಡಿಗೆ ಒಯ್ದೆ. ಅಲ್ಲಿನ ಕೈಪಂಪಿಗೆ ಸಿಕ್ಕಿಸಿ ಒತ್ತಿದಾಗ, 0.9 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಎಂದು ಮೇಲೆ ಅಚ್ಚಾಗಿದ್ದ ಮುಚ್ಚಳ 0.3 ದಾಟುವ ಮೊದಲೇ ಗಾಳಿ ಬಿಟ್ಟಿತು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ, 0.9 ಬಾರ್ ಹೆಚ್ಚಿನ ಒತ್ತಡದಲ್ಲಿ ಅದೇ ನೀರು 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ನಿಲ್ಲುತ್ತದೆ. ಘಾಟಿನಲ್ಲಿ ಎಂಜಿನ್ನಿಗೆ ಬೇಕಾದ ಅವಕಾಶವೆಲ್ಲ ಆ ಇಪ್ಪತ್ತು ಡಿಗ್ರಿಯಲ್ಲೇ ಇದೆ. ಅದನ್ನು ಕಾಯುವುದು ಈ ಪುಟ್ಟ ಮುಚ್ಚಳ. ಹಳೆಯ ಗಾಡಿಗೆ ಮೊದಲು ಇದನ್ನು ಪರೀಕ್ಷಿಸದೆ ಬೇರೆ ಏನನ್ನೂ ಬದಲಿಸಬಾರದೆಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಮುಚ್ಚಳ ಬದಲಾಯಿತೆಂದು ಅಲ್ಲಿಗೇ ನಿಲ್ಲಿಸಲಿಲ್ಲ. ಹೆಡ್ ಗ್ಯಾಸ್ಕೆಟ್ಟಿನ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುವುದರಿಂದ, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಗಟ್ಟಿಯಾಗುತ್ತದೆ. ನನ್ನದು ಮೆತ್ತಗೇ ಇತ್ತು. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿದಾಗ ಮೊದಲಿಗೆ ಕೆಲವು ಗುಳ್ಳೆಗಳು ಬಂದವು, ಸ್ವಲ್ಪ ಹೊತ್ತಿನಲ್ಲಿ ನಿಂತವು. ಅವು ಒಳಗೆ ಸಿಕ್ಕಿಕೊಂಡಿದ್ದ ಗಾಳಿಯವು. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚುತ್ತಾ ನಿಲ್ಲದೆ ಬರುವ ಗುಳ್ಳೆಗಳು ಮಾತ್ರ ಅಪಾಯದವು. ಮೂರೂ ಸ್ಪಾರ್ಕ್ ಪ್ಲಗ್ಗುಗಳು ಒಂದೇ ಕಂದು ಬಣ್ಣದಲ್ಲಿದ್ದವು. ನೀರು ಸೇರುವ ಸಿಲಿಂಡರಿನ ಪ್ಲಗ್ಗು ಹಬೆಯಿಂದ ತೊಳೆದಂತೆ ಬೆಳ್ಳಗೆ ಬೇರೆಯಾಗಿ ಕಾಣುತ್ತದೆ. ಆಯಿಲ್ ಕಡ್ಡಿಯಲ್ಲೂ ಹಾಲು ಬೆರೆಸಿದ ಬಣ್ಣವಿರಲಿಲ್ಲ. ಇಗ್ನಿಷನ್ ಟೈಮಿಂಗ್ ಮತ್ತು ಬೆಲ್ಟಿನ ಬಿಗಿ ಸರಿಯಿದ್ದವು.

ಉಳಿದದ್ದು ರೇಡಿಯೇಟರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಫ್ಯಾನಿನ ವೈರ್ ಕಳಚಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯನ್ನು ಅಂಗುಲ ಅಂಗುಲವಾಗಿ ಅಳೆದೆ. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಬಣ್ಣ ಬಳಿದ ಮೈ ಇದ್ದರೆ, ಇಲ್ಲವೇ ಕಪ್ಪು ಟೇಪಿನ ತುಂಡು ಅಂಟಿಸಿಕೊಂಡರೆ ಅಳತೆಯನ್ನು ನಂಬಬಹುದು. ನಡುಭಾಗದಲ್ಲಿ 88 ಡಿಗ್ರಿ ತೋರಿದ್ದು, ಎಡ ಅಂಚಿನ ನಾಲ್ಕು ಬೆರಳಗಲದ ಪಟ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ 47 ಮಾತ್ರ. ಬಲ ಅಂಚಿನಲ್ಲೂ ಅಂಥದೇ ಒಂದು ಕಿರಿದಾದ ಪಟ್ಟಿ. ಬಿಸಿನೀರು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

ಅದೇ ಅಂಗಡಿಯಲ್ಲಿ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿಸಿದೆ. ತಾಮ್ರ ಹಿತ್ತಾಳೆಯ ರೇಡಿಯೇಟರ್ ಆದ್ದರಿಂದ ಇದು ಸಾಧ್ಯವಾಯಿತು. ಚಪ್ಪಟೆ ಕೊಳವೆಗಳ ಬಾಯಿಗಳಲ್ಲಿ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಸುಣ್ಣ, ಅದರ ಮೇಲೆ ಇಟ್ಟಿಗೆ ಬಣ್ಣದ ತುಕ್ಕಿನ ಕೆಸರು. ಕೆಲಸಗಾರರು ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಒಂದೊಂದೇ ಕೊಳವೆಯಲ್ಲಿ ಇಳಿಸಿ ಎಳೆದಾಗ ಸುಣ್ಣದ ಚೂರುಗಳು ಅಂಗೈಯಲ್ಲಿ ಮೊಟ್ಟೆಯ ಚಿಪ್ಪಿನ ಹಾಗೆ ಬಿದ್ದವು. ವರ್ಷಗಟ್ಟಲೆ ಕೂಲಂಟಿಗೆ ನಲ್ಲಿಯ ನೀರು, ಬೋರ್ ನೀರು ಬೆರೆಸುತ್ತಾ ಬಂದದ್ದರ ಫಲವದು. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೊರಗಿನಿಂದ ಕಾಣದಂತೆ ಮಣ್ಣು, ಹುಳುಗಳು ಕಂಬಳಿಯಂತೆ ಕೂತಿದ್ದವು, ಅವನ್ನೂ ತೊಳೆದೆವು.

ತೆಗೆದುಹಾಕಿದ್ದ ಥರ್ಮೋಸ್ಟಾಟಿನ ಜಾಗಕ್ಕೆ ಹೊಸದನ್ನು ಹಾಕುವ ಮೊದಲು, ಅಡಿಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಅದನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟು ನೋಡಿದೆ. 82 ಎಂದು ಗುರುತಿದ್ದ ಅದು ಥರ್ಮಾಮೀಟರಿನಲ್ಲಿ 83 ಆಗುವಾಗ ಬಾಯಿ ಬಿಡತೊಡಗಿತು. ಇದನ್ನು ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗಿನ ಹೊತ್ತು ಬೇಗ ಬಿಸಿಯೇರದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಸವೆಯುತ್ತದೆ. ಮುಚ್ಚಿಹೋದ ರೇಡಿಯೇಟರಿನ ದೋಷವನ್ನು ಊರೊಳಗೆ ಮರೆಮಾಡಿ ಘಾಟಿನಲ್ಲಿ ಕೈಕೊಡುತ್ತದೆ. ನನಗಾದದ್ದು ಅದೇ. ಫ್ಯಾನಿನ ನೇರ ವೈರನ್ನೂ ಕಿತ್ತು ಸ್ವಿಚ್ಚಿಗೆ ಮರಳಿ ಜೋಡಿಸಿದೆ.

ಡಿಸ್ಟಿಲ್ಡ್ ನೀರು ಮತ್ತು ಕೂಲಂಟನ್ನು ಸಮಪಾಲು ಬೆರೆಸಿ, ಹೀಟರ್ ತೆರೆದಿಟ್ಟು, ಗಾಡಿಯ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ತುಂಬಿದೆ. ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಸಿಹಿಯಾಗಿರುವ ಆ ವಿಷವನ್ನು ಬೀದಿನಾಯಿಗಳು ನೆಕ್ಕುತ್ತವೆ.

ಜೂನ್ ಮೊದಲ ವಾರ, ಮಳೆ ಇನ್ನೂ ಬಾರದ ಒಂದು ಮಧ್ಯಾಹ್ನ, ತಾಯಿಯವರನ್ನು ಊರಿಗೆ ಬಿಡಲು ಮತ್ತೆ ಹೊರಟೆ. ಖಂಬಾಟ್ಕಿಯಲ್ಲಿ ಅದೇ ಲಾರಿಗಳ ಸಾಲು, ಅದೇ ಎರಡನೆಯ ಗೇರು, ಎ.ಸಿ. ಕೂಡ ಚಾಲೂ ಇತ್ತು. ಮುಳ್ಳು ಅರ್ಧ ದಾಟಿ ಒಂದು ಗೆರೆ ಮೇಲೇರಿತು, ಫ್ಯಾನು ತಿರುಗುವ ಸದ್ದು ಕೇಳಿತು, ಮುಳ್ಳು ನಿಧಾನವಾಗಿ ಮರಳಿ ನಡುವಿಗೆ ಬಂತು. ಸಾತಾರದಲ್ಲಿ ಚಹಾಕ್ಕೆ ನಿಂತಾಗ ಬಾಟಲಿಯ ನೀರು ಗುರುತಿಗಿಂತ ಒಂದು ಬೆರಳು ಮೇಲಿತ್ತು. ಮರುದಿನ ಮುಂಜಾನೆ ಬೆಳಗಾವಿಯ ಮನೆಯ ಅಂಗಳದಲ್ಲಿ ಬಾನೆಟ್ ಎತ್ತಿ ನೋಡಿದೆ: ಹೋಸ್ ಪೈಪ್ ದುಂಡಗಿತ್ತು, ಬಾಟಲಿಯ ನೀರು ಇಳಿದು ಸರಿಯಾಗಿ ಗುರುತಿನ ಮೇಲೆ ನಿಂತಿತ್ತು.