ಎಂಜೈಮ್ ಕ್ಯಾಪ್ಸೂಲ್ ಮೊದಲ ತುತ್ತಿಗೇ ನುಂಗಿ
ಮೇದೋಜೀರಕ ಗ್ರಂಥಿಯ ತೊಂದರೆಗೆ ಡಾಕ್ಟರ್ ಎಂಜೈಮ್ (ಊಟ ಜೀರ್ಣ ಮಾಡುವ ಅಂಶ) ಕ್ಯಾಪ್ಸೂಲ್ ಬರೆದುಕೊಟ್ಟಿದ್ದರೆ ಊಟದ ಮೊದಲ ತುತ್ತಿನ ಜೊತೆಗೇ ನುಂಗಿ, ಕೈ ತೊಳೆದು ಎದ್ದ ಮೇಲೆ ಅಲ್ಲ. ಒಂದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದು ಊಟದ ನಡುವೆ. ರೊಟ್ಟಿ-ಪಲ್ಯದ ಜೊತೆ ಬೆರೆತು ಸಣ್ಣ ಕರುಳಿಗೆ ಹೋದರೇನೇ ಅದು ಕೊಬ್ಬನ್ನು ಒಡೆಯುತ್ತದೆ, ತಡವಾದರೆ ಊಟ ಮುಂದೆ, ಮಾತ್ರೆ ಹಿಂದೆ. ಮಿರ್ಚಿ-ಒಗ್ಗರಣೆಗೂ ಬೇಕು (ಆ ಎಣ್ಣೆ ನೋಡಿದ್ದೀರಲ್ವಾ!), ಹಾಲಿಲ್ಲದ ಚಹಾಕ್ಕೆ ಬೇಡ. ಅಗಿಯಬೇಡಿ, ಒಳಗಿನ ಕಾಳುಗಳ ಲೇಪ ಒಡೆದರೆ ಹೊಟ್ಟೆಯ ಆಮ್ಲಕ್ಕೇ ಹಾಳಾಗುತ್ತದೆ. ನಮ್ಮ ರಾಯಚೂರಿನ ಬಿಸಿಲಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಟ್ಟರೂ ಕೆಡುತ್ತದೆ. ಬರೀ ಗ್ಯಾಸ್, ಎಸಿಡಿಟಿಗೆ ತಗೊಂಡರೆ ಸುಮ್ನೆ ದುಡ್ಡು ದಂಡ. ಸರಿಯಾಗಿ ತಗೊಂಡರೂ ಮಲ ಎಣ್ಣೆಎಣ್ಣೆಯಾಗಿ ತೇಲುತ್ತಿದ್ದರೆ ನೀವೇ ಡೋಸ್ ಏರಿಸಬೇಡಿ, ಡಾಕ್ಟರಿಗೆ ಹೇಳಿ, ಕೆಲವರಿಗೆ ಆಮ್ಲ ತಗ್ಗಿಸುವ ಮಾತ್ರೆಯೂ ಜೊತೆಗೆ ಬೇಕಾಗುತ್ತದೆ.