ಗುದ್ದಿದ್ದು ಲಾರಿ, ಅಲೆದಿದ್ದು ನಾನು

ಹೋದ ವರ್ಷ ದಾಬಸ್‌ಪೇಟೆ ಹತ್ತಿರ ಹೈವೇಲಿ ಟ್ರಾಫಿಕ್ ನಿಂತಿತ್ತು, ನಾನೂ ನಿಂತಿದ್ದೆ. ಹಿಂದಿನಿಂದ ಲಾರಿ ಬಂದು ಗುದ್ದಿತು. ನನ್ನ ವ್ಯಾಗನ್‌ಆರ್‌ನ ಡಿಕ್ಕಿ ಹಿಂದಿನ ಸೀಟಿಗೆ ಅಂಟಿಕೊಂಡಿತ್ತು, ಅದರಲ್ಲಿದ್ದ ತೆಂಗಿನಕಾಯಿಗಳು ಗೇರ್ ಹತ್ತಿರ ಉರುಳಾಡುತ್ತಿದ್ದವು. ನನಗೆ ಕುತ್ತಿಗೆ ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಸ್ಟೇಷನ್‌ಗೆ ಲಾರಿ ಮಾಲೀಕ ಬಂದ. "ಸಾರ್, ದೇವರು ದೊಡ್ಡವನು, ಯಾರಿಗೂ ಏನೂ ಆಗಿಲ್ವಲ್ಲ. 20 ಸಾವಿರ ಇಟ್ಕೊಳ್ಳಿ, ಕೇಸು ಗೀಸು ಯಾಕೆ?" ಅಂದ. ರಾಜಿ ಪತ್ರ ಬರೆದೇ ತಂದಿದ್ದ. ಸುಸ್ತಾಗಿತ್ತು, ಸೈನ್ ಹಾಕಿ ಮನೆಗೆ ಹೋಗೋಣ ಅನ್ನಿಸಿದ್ದೂ ನಿಜ. ವಕೀಲ ಗೆಳೆಯನಿಗೆ ಫೋನ್ ಮಾಡಿದರೆ ಬೈದ. ಎಫ್‌ಐಆರ್ ಆಗಲಿ, ಮಹಜರು ಆಗಲಿ, ಕುತ್ತಿಗೆಯನ್ನು ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ತಗೋ ಅಂದ. ಮಹಜರಿನಲ್ಲಿ "ನಿಂತಿದ್ದ ಕಾರಿಗೆ" ಅನ್ನೋ ಮಾತು ಬರೆಯುವವರೆಗೂ ನಾನು ಅಲ್ಲಿಂದ ಏಳಲಿಲ್ಲ. ಮುಂದೆ ಕೆಲಸಕ್ಕೆ ಬಂದಿದ್ದು ಅದೇ ಮಾತು.

ಮೊದಲು ನನ್ನದೇ ಇನ್ಶೂರೆನ್ಸ್‌ಗೆ ಹೋದೆ. ಗಾಡಿಗೆ ನಾಲ್ಕನೇ ವರ್ಷ, ಪಾಲಿಸಿಯಲ್ಲಿ ಐಡಿವಿ, ಅಂದರೆ ಗಾಡಿಗೆ ಪಾಲಿಸಿ ಮಾಡುವಾಗಲೇ ಗೊತ್ತುಮಾಡಿದ ಬೆಲೆ, 3,70,000. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ರಿಪೇರಿ ಬದಲು ಗಾಡಿಯ ಬೆಲೆಯನ್ನೇ ಕೊಡುತ್ತಾರೆ. ನನ್ನ ಎಸ್ಟಿಮೇಟ್ 3,15,000 ಬಂತು, ಹಾಗಾಗಿ ಅದರಲ್ಲಿ ತಕರಾರಿಲ್ಲ. ತಕರಾರು ಬಂದಿದ್ದು ದುಡ್ಡಿನಲ್ಲಿ. "ಮಾರ್ಕೆಟ್ ರೇಟ್ ಅಷ್ಟಿಲ್ಲ ಸಾರ್, 2,90,000 ಕೊಡ್ತೀವಿ" ಅಂದರು. ಆದರೆ ಟೋಟಲ್ ಲಾಸ್ ಆದಾಗ ಐಡಿವಿಯನ್ನೇ ಬೆಲೆ ಅಂತ ಹಿಡಿಯಬೇಕು, ಗಾಡಿ ಹಳೆಯದಾಯ್ತು ಅಂತ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ. ಅದು ಪಾಲಿಸಿಯಲ್ಲೇ ಇದೆ, ನಾವು ಓದಿರಲ್ಲ ಅಷ್ಟೇ. ಆ ಸಾಲಿಗೆ ಗೆರೆ ಹಾಕಿ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಮಾಡಿದೆ. 30 ದಿನದಲ್ಲಿ ಸರಿಯಾಗದಿದ್ದರೆ ಬೆಂಗಳೂರು ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗ್ತೀನಿ ಅಂತಲೂ ಬರೆದೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಪ್ರತಿ ಕ್ಲೇಮಿನಲ್ಲೂ ನಾವೇ ಕಡ್ಡಾಯವಾಗಿ ಭರಿಸಬೇಕಾದ 1,000 ಕಳೆದು 3,69,000 ಬಂತು. ಕ್ರೇನ್‌ಗೆ ನಾನು ಕೊಟ್ಟಿದ್ದು 6,500, ಪಾಲಿಸಿ ಕೊಟ್ಟಿದ್ದು 1,500!

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಆದರೆ ತಪ್ಪು ಲಾರಿಯದ್ದು ಅಲ್ವಾ? ಅದರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಬೇರೆಯವರ ಆಸ್ತಿ ಹಾಳಾದರೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಲಾರಿ ನಂಬರ್ ಹಾಕಿ ಎಂಪರಿವಾಹನ್ ಆಪ್‌ನಲ್ಲಿ ನೋಡಿದೆ, ಪಾಲಿಸಿ ಚಾಲ್ತಿಯಲ್ಲಿತ್ತು. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದೆ. ಅಪಘಾತ ಎಲ್ಲಾದರೂ ಆಗಿರಲಿ, ನಾವು ವಾಸವಿರುವ ಊರಿನಲ್ಲೇ ಹಾಕಬಹುದು, ನನಗೆ ತುಮಕೂರಿನಲ್ಲೇ ಆಯ್ತು. ಆದರೆ 2022ರ ಏಪ್ರಿಲ್‌ನಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ಗಡುವು ಬಂದಿದೆ. ಆಮೇಲೆ ನೋಡೋಣ ಅಂತ ಕೂತರೆ ಕಷ್ಟ.

ನನ್ನ ಕಂಪನಿ ಕೊಟ್ಟ ದುಡ್ಡನ್ನೇ ಮತ್ತೆ ಕೇಳುವ ಹಾಗಿಲ್ಲ. ಅದನ್ನು ಲಾರಿ ಕಡೆಯವರಿಂದ ವಸೂಲಿ ಮಾಡುವ ಹಕ್ಕು ತಮ್ಮದು ಅಂತ ಅವರು ನನ್ನಿಂದ ಸೈನ್ ಹಾಕಿಸಿಕೊಂಡಿದ್ದರು. ನಾನು ಕೇಳಿದ್ದು ಕೈಯಿಂದ ಹೋದದ್ದನ್ನು: ಕ್ರೇನ್ ಬಾಕಿ, ಆಸ್ಪತ್ರೆ ಬಿಲ್ಲು, ಗಾಡಿ ಇಲ್ಲದ ದಿನಗಳ ಬಾಡಿಗೆ ಕಾರು, ಅದೇ ಥರದ ಗಾಡಿ ಕೊಳ್ಳಲು ಜಾಸ್ತಿ ಕೊಟ್ಟ ದುಡ್ಡು. ಆ ಕಡೆಯ ವಕೀಲರು, "ಕಾರು ಸಡನ್ನಾಗಿ ಬ್ರೇಕ್ ಹಾಕಿತು" ಅಂದರು. ನಾವು ಮಹಜರು ತೋರಿಸಿದೆವು. ಕೊನೆಗೆ ಲೋಕ ಅದಾಲತ್‌ನಲ್ಲಿ 48,000ಕ್ಕೆ ಮುಗಿಸಿದೆ. ಪೂರ್ತಿ ಕೇಸು ನಡೆಸಿದ್ದರೆ ಇನ್ನೂ ಸ್ವಲ್ಪ ಬರುತ್ತಿತ್ತೇನೋ, ಆದರೆ ಪ್ರತಿ ಡೇಟಿಗೂ ರಜೆ ಹಾಕೋದು ಸಾಕಾಗಿತ್ತು.

ಹ್ಞಾಂ, ಆರ್‌ಸಿ. ಗುಜರಿಗೆ ಹೋಗುವ ಗಾಡಿಯ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ, ನಾಳೆ ಅದೇ ನಂಬರಿನಲ್ಲಿ ಯಾವುದೋ ಗಾಡಿ ಓಡಾಡಿದರೂ ಪೊಲೀಸರು ಬರೋದು ನಿಮ್ಮ ಮನೆಗೇ. ಗಾಡಿ ಓಡಿಸಲಾಗದಷ್ಟು ಹಾಳಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ನಾನು ರದ್ದು ಮಾಡಿಸಿ, ಆ ಕಾಗದದ ಜೆರಾಕ್ಸ್ ಇಟ್ಟುಕೊಂಡ ಮೇಲೇ ಗಾಡಿ ಎತ್ತಲು ಬಿಟ್ಟಿದ್ದು.