ಕೆಂಪು ಎಷ್ಟು, ಬೂದು ಎಷ್ಟು: ಕೋಡಿಬೆಂಗ್ರೆಯಲ್ಲಿ ಹೋಗುವ ಹಕ್ಕಿಗಳ ಲೆಕ್ಕ

ನನ್ನ ಮೊದಲ ವರ್ಷದ ನೋಟ್‌ಬುಕ್ಕಿನಲ್ಲಿ ಒಂದು ತಪ್ಪು ಹಾಗೇ ಉಳಿದಿದೆ. ಏಪ್ರಿಲ್ 9ರ ಪುಟ. "ಹೊಸ ಹಕ್ಕಿ. ಎದೆ ಇಟ್ಟಿಗೆ ಕೆಂಪು, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಬೂದು ಪ್ಲೋವರ್ ಹೋಗಿ ಇದು ಬಂದಿದೆ" ಅಂತ ಬರೆದಿದ್ದೆ. ಬಂದದ್ದು ಯಾವುದೂ ಇರಲಿಲ್ಲ. ಅಕ್ಟೋಬರಿನಿಂದ ನಾನು ನೋಡುತ್ತಿದ್ದ ಅದೇ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅನ್ನುವ ಸಣ್ಣ ಕಡಲತೀರದ ಹಕ್ಕಿ, ಊರಿಗೆ ಹೊರಡುವ ಮೊದಲು ಬಣ್ಣ ಬದಲಿಸಿತ್ತು. ಆ ಸಾಲನ್ನು ನಾನು ಹೊಡೆದು ಹಾಕಿಲ್ಲ. ಆಮೇಲಿನ ಎಲ್ಲ ಕಲಿಕೆಯೂ ಅಲ್ಲಿಂದಲೇ ಶುರುವಾಯಿತು.

ನಮ್ಮ ಉಡುಪಿ ಕಡೆ ಮಾರ್ಚ್, ಏಪ್ರಿಲ್, ಮೇ ಅಂದರೆ ವಲಸೆ ಹಕ್ಕಿಗಳು ಹೊರಡುವ ಕಾಲ. ಬರುವ ಹಕ್ಕಿಯನ್ನು ಬರೆದಿಡುವುದು ಸುಲಭ. ಮೊದಲ ದಿನ ಕಂಡಿತು, ತಾರೀಕು ಹಾಕಿದೆವು, ಮುಗಿಯಿತು. ಹೋಗುವ ಹಕ್ಕಿಯದ್ದು ಹಾಗಲ್ಲ. ಇವತ್ತು ಕಂಡದ್ದೇ ಕೊನೆಯದು ಅಂತ ಇವತ್ತು ಗೊತ್ತಾಗುವುದಿಲ್ಲ. ನಾಳೆ, ನಾಡಿದ್ದು, ಮುಂದಿನ ವಾರ ಹೋಗಿ, ಕಾಣದೇ ವಾಪಸ್ ಬಂದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಕಾಣದ ದಿನವನ್ನೂ ಬರೆಯಬೇಕು. ನನ್ನ ಪುಸ್ತಕದಲ್ಲಿ ಸೊನ್ನೆಗಳು ಜಾಸ್ತಿ ಇವೆ. ಅವುಗಳ ಮೇಲೆ ನನಗೆ ಪ್ರೀತಿಯೂ ಜಾಸ್ತಿ.

ನಾನು ಹೋಗುವುದು ಕೋಡಿಬೆಂಗ್ರೆಗೆ. ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿದರೆ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ನೆಲ ತೆಳ್ಳಗಾಗುತ್ತಾ ಹೋಗಿ ತುದಿಯಲ್ಲಿ ಅಳಿವೆ ಸಿಗುತ್ತದೆ. ಸ್ವರ್ಣಾ, ಸೀತಾ ಎರಡೂ ನದಿಗಳು ಕಡಲು ಸೇರುವ ಜಾಗ. ಇಳಿತದ ಹೊತ್ತಿಗೆ ಮರಳು, ಕೆಸರು ಮೇಲೆದ್ದು ಬರುತ್ತದೆ. ಮರುವಾಯಿ (ಚಿಪ್ಪಿನ ಜೀವಿ) ಹೆಕ್ಕುವವರು ಒಂದು ಕಡೆ, ಹಕ್ಕಿಗಳು ಇನ್ನೊಂದು ಕಡೆ. ಇಬ್ಬರೂ ಹುಡುಕುವುದು ಅದೇ ಕೆಸರಿನಲ್ಲಿ.

ಶುರುವಿನಲ್ಲಿ ನಾನು ಸಂಜೆ ಹೋಗುತ್ತಿದ್ದೆ, ಕೆಲಸ ಮುಗಿಸಿ. ಅದು ದಂಡ. ನಮ್ಮ ಕಡಲು ಪಡುವಣಕ್ಕಿದೆ ಅಲ್ವಾ? ಸಂಜೆ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತದೆ, ಹಕ್ಕಿಗಳೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಎದೆಯ ಬಣ್ಣ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಆಗ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ.

ಎರಡನೆಯದು ನೀರಿನ ಲೆಕ್ಕ. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ದೂರ ದೂರ ಚದುರಿ ಹೋಗಿರುತ್ತವೆ. ಪೂರ್ತಿ ಭರತದಲ್ಲಿ ಹೋದರೆ ಎಲ್ಲೋ ಒಂದು ಕಡೆ ಗುಂಪಾಗಿ ನಿದ್ದೆ ಮಾಡುತ್ತಿರುತ್ತವೆ, ಕೊಕ್ಕು ಬೆನ್ನಿನ ಪುಕ್ಕದೊಳಗೆ. ನೀರು ಏರುತ್ತಿರುವಾಗ ಹೋಗಬೇಕು. ಭರತಕ್ಕೆ ಒಂದೂವರೆ, ಎರಡು ಗಂಟೆ ಮೊದಲು ಮರಳಿನ ಮೇಲೆ ಸುಮ್ನೆ ಕೂತರೆ, ನೀರೇ ಅವುಗಳನ್ನು ಹತ್ತಿರ ತಂದು ಕೊಡುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ಭಾನುವಾರವೂ ಒಂದೇ ಹೊತ್ತಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಬೆಳಗಿನ ಬೆಳಕು, ಏರುವ ನೀರು ಎರಡೂ ಕೂಡಿ ಬರುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಡುತ್ತೇನೆ. ಮದುವೆ, ಮುಂಜಿ ಬಂದರೂ ಆ ದಿನ ಬೆಳಿಗ್ಗೆ ಒಂದು ಗಂಟೆ ಅಳಿವೆಗೇ.

ನಡೆಯುವುದಿಲ್ಲ, ಕೂರುತ್ತೇನೆ. ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಕೂತವನ ಹತ್ತಿರ ಬರುತ್ತದೆ. 8×42 ಬೈನಾಕ್ಯುಲರ್ ಸಾಕು. ಒಂದು ಮಾತು: ಕಡಲ ಬದಿಯಲ್ಲಿ ಲೆನ್ಸನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ. ಸಣ್ಣ ಮರಳು ಗೀರು ಹಾಕುತ್ತದೆ. ಮೊದಲು ಊದಿ, ಆಮೇಲೆ ಒದ್ದೆ ಮೆತ್ತಗಿನ ಬಟ್ಟೆ.

ಈಗ ಆ ಕೆಂಪಿನ ವಿಷಯಕ್ಕೆ ಬರುತ್ತೇನೆ. ಚಳಿಗಾಲವಿಡೀ ಈ ಪ್ಲೋವರ್‌ನ ಮೈ ಬೂದು ಕಂದು, ಹೊಟ್ಟೆ ಬಿಳಿ. ಗುಬ್ಬಚ್ಚಿಗಿಂತ ದೊಡ್ಡದು, ತೂಕ ಸುಮಾರು 60 ಗ್ರಾಂ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಹುಳ ಎಳೆಯುತ್ತದೆ, ಮತ್ತೆ ಓಡುತ್ತದೆ. ಮಾರ್ಚ್ ಮಧ್ಯದಲ್ಲಿ ಎದೆಯ ಎರಡು ಬದಿಗಳಲ್ಲಿ ಅರಶಿನ ಕುಂಕುಮ ಕಲಸಿ ಬೆರಳು ಒತ್ತಿದ ಹಾಗೆ ಒಂದೊಂದು ಕಲೆ ಕಾಣಿಸುತ್ತದೆ. ಒಂದು ವಾರ ಬಿಟ್ಟು ಹೋದರೆ ಆ ಕಲೆಗಳು ನಡುವಿಗೆ ಹರಡಿರುತ್ತವೆ, ಆದರೆ ನಡುವೆ ಬೂದು ಗರಿಗಳು ಇನ್ನೂ ಅಲ್ಲಲ್ಲಿ ಉಳಿದಿರುತ್ತವೆ. ಹಳೇ ಗೋಡೆಗೆ ಹೊಸ ಬಣ್ಣ ಅರ್ಧ ಹೊಡೆದು ಬಿಟ್ಟ ಹಾಗೆ. ಬಿಸು ಹಬ್ಬದ ಹೊತ್ತಿಗೆ, ಅಂದರೆ ಏಪ್ರಿಲ್ ಮಧ್ಯಕ್ಕೆ, ಗಂಡು ಹಕ್ಕಿಯ ಎದೆ ಪೂರ್ತಿ ಇಟ್ಟಿಗೆ ಕೆಂಪು. ಹಣೆ, ಕಣ್ಣಿನ ಪಟ್ಟಿ ಕಪ್ಪು. ಹೆಣ್ಣಿನ ಬಣ್ಣ ಸ್ವಲ್ಪ ಮಾಸಲು. ಆಗ ಅವು ತಿನ್ನುವುದನ್ನು ನೋಡಬೇಕು. ಬಿಡುವೇ ಇಲ್ಲ. ಹೊರಡುವ ಮೊದಲು ಮೈಯಲ್ಲಿ ಕೊಬ್ಬು ಕೂಡಿಡಬೇಕು, ದಾರಿಗೆ ಅದೇ ಬುತ್ತಿ. ಮೈ ಉರುಟಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಇವು ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲುಗಳಲ್ಲಿ. ಈಚೆಗೆ, ಹಕ್ಕಿ ನೋಡುವವರು ತಮ್ಮ ಲೆಕ್ಕ ಹಾಕುವ ಜಾಲತಾಣ ಇ-ಬರ್ಡ್‌ನ ಪಟ್ಟಿಯಲ್ಲಿ ನಮ್ಮ ಕಡೆ ಬರುವುದಕ್ಕೆ ಟಿಬೆಟನ್ ಸ್ಯಾಂಡ್ ಪ್ಲೋವರ್ ಅಂತಲೇ ಹೆಸರು ಕೊಟ್ಟಿದ್ದಾರೆ. ನನ್ನ ಬಾಯಿಗೆ ಹಳೇ ಹೆಸರೇ ಬರುತ್ತದೆ. ಇಷ್ಟು ಸಣ್ಣದು ಅಷ್ಟು ದೂರ ಹೇಗೆ ಹಾರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. 2022ರಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಜಾತಿಯ ಒಂದು ಹಕ್ಕಿ, ಅದೂ ಆ ವರ್ಷ ಹುಟ್ಟಿದ ಮರಿ, ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತ್ತು. 13,560 ಕಿಲೋಮೀಟರ್. ಅದರ ಮೈಮೇಲೆ ಇದ್ದ ಸಣ್ಣ ಟ್ಯಾಗ್ ದಾರಿಯನ್ನು ದಾಖಲಿಸಿತ್ತು. ಅದು ಬೇರೆ ಜಾತಿ, ಬೇರೆ ದಾರಿ. ಆದರೆ ಕೂಡಿಟ್ಟ ಕೊಬ್ಬು ಎಷ್ಟು ದೂರ ಒಯ್ಯಬಲ್ಲದು ಅಂತ ಅರ್ಥವಾಗಲು ಆ ಒಂದು ಲೆಕ್ಕ ಸಾಕು.

ಆ ತಪ್ಪಿನ ನಂತರ ನಾನು ಪುಟದಲ್ಲಿ ಎರಡು ಕಾಲಂ ಹಾಕಿದೆ. ಕೆಂಪು, ಬೂದು. ಗುಂಪಿನಲ್ಲಿ ಮೊದಲು ಹತ್ತು ಹಕ್ಕಿ ಎಣಿಸುತ್ತೇನೆ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅದೇ ಅಳತೆಯಲ್ಲಿ ಗುಂಪನ್ನು ದಾಟುತ್ತೇನೆ. ಆಮೇಲೆ ಎದೆ ಕೆಂಪಾದವನ್ನು ಮಾತ್ರ ಒಂದೊಂದಾಗಿ ಎಣಿಸುತ್ತೇನೆ. ಮಾರ್ಚಿನಲ್ಲಿ ಕೆಂಪು ಕಾಲಂ ಏರುತ್ತದೆ. ಏಪ್ರಿಲ್ ಕೊನೆಗೆ ಒಮ್ಮೆಲೇ ಇಳಿಯುತ್ತದೆ. ಕೆಂಪಾದ ಹಕ್ಕಿ ಜಾಸ್ತಿ ದಿನ ನಿಲ್ಲುವುದಿಲ್ಲ.

ಮಲ್ಪೆ ಬಂದರಿನಲ್ಲೂ ಇದೇ ಪಾಠ, ಬಣ್ಣ ಮಾತ್ರ ಬೇರೆ. ಅಲ್ಲಿ ಕಡಲಕ್ಕಿಗಳು. ಚಳಿಗಾಲದಲ್ಲಿ ಬಿಳಿ ತಲೆ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ. ಮಾರ್ಚ್ ಬಂದರೆ ತಲೆಗೆ ಕಂದು ಟೊಪ್ಪಿ ಹಾಕಿಕೊಳ್ಳುತ್ತವೆ. ಬ್ರೌನ್-ಹೆಡೆಡ್ ಗಲ್, ಬ್ಲ್ಯಾಕ್-ಹೆಡೆಡ್ ಗಲ್ ಎರಡನ್ನೂ ಬೇರೆ ಮಾಡಲು ಕಣ್ಣು ನೋಡಿ: ಬೆಳೆದ ಬ್ರೌನ್-ಹೆಡೆಡ್‌ನ ಕಣ್ಣು ಬಿಳಿಚು, ಇನ್ನೊಂದರದ್ದು ಕಪ್ಪು. ದೋಣಿ ಬರುವ ಹೊತ್ತಿಗೆ ಧಕ್ಕೆಯಲ್ಲಿ ನಿಂತರೆ ಬೈನಾಕ್ಯುಲರೇ ಬೇಡ.

ಮನೆಯ ಹಿಂದಿನ ಹಾಡಿಯ ಲೆಕ್ಕ ಅಮ್ಮನದ್ದು. ಅಕ್ಟೋಬರ್ ಹೊತ್ತಿಗೆ ನವರಂಗ ಬರುತ್ತದೆ. ಹಸಿರು ಬೆನ್ನು, ಬಾಲದ ಬುಡದಲ್ಲಿ ಕಡುಗೆಂಪು, ಗಿಡ್ಡ ಬಾಲ. ಮಧ್ಯ ಭಾರತ, ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡುವ ಹಕ್ಕಿ ಇದು. ಬೆಳಗು, ಮುಸ್ಸಂಜೆ ಎರಡು ಸಲ ಸಿಳ್ಳೆ ಹಾಕುತ್ತದೆ, ಉಳಿದ ಹೊತ್ತು ತರಗೆಲೆ ಕೆದಕುತ್ತಾ ಸದ್ದಿಲ್ಲದೆ ಇರುತ್ತದೆ. ಅಮ್ಮ ತಾರೀಕು ಹೇಳುವುದಿಲ್ಲ, ತುಳು ತಿಂಗಳು ಹೇಳುತ್ತಾರೆ. "ಸುಗ್ಗಿ ತಿಂಗಳು ಪೂರ್ತಿ ಕೂಗಿತು. ಪಗ್ಗು ಹುಟ್ಟಿ ವಾರ ಆಯ್ತು, ಈಗ ಇಲ್ಲ" ಅನ್ನುತ್ತಾರೆ. ಅದನ್ನು ನಾನು ಏಪ್ರಿಲ್ ಮೂರನೇ ವಾರ ಅಂತ ಬರೆದುಕೊಳ್ಳುತ್ತೇನೆ. ಸುಡುಮಣ್ಣಿಗೆ (ಮಣ್ಣು ಸುಟ್ಟು ಮಾಡುವ ಗೊಬ್ಬರಕ್ಕೆ) ಅಂತ ಹಾಡಿಯ ತರಗೆಲೆಯೆಲ್ಲ ಗುಡಿಸಿ ಒಯ್ಯುವ ಕಾಲವೂ ಅದೇ. ನಾವು ಗೋಳಿಮರದ ಬುಡದಲ್ಲಿ ಒಂದಷ್ಟು ಜಾಗವನ್ನು ಗುಡಿಸದೇ ಬಿಡುತ್ತೇವೆ. ನವರಂಗ ದಿನವೂ ಅಲ್ಲೇ ಇರುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಮಾಡಿ ನೋಡಿ, ಖರ್ಚಿಲ್ಲ.

ತಂತಿಯ ಮೇಲಿನ ಕವಲುತೋಕೆಗಳು, ನೀಲಿಬಾಲದ ಕಳ್ಳಿಪೀರಗಳು ಹೆಚ್ಚುಕಡಿಮೆ ಅದೇ ಹೊತ್ತಿಗೆ ಖಾಲಿಯಾಗುತ್ತವೆ. ಎಲ್ಲ ವಲಸೆಯೂ ಹಿಮಾಲಯದ ಆಚೆಗೇ ಅಂತ ಇಲ್ಲ. ಈ ಕಳ್ಳಿಪೀರಗಳು ಬೇಸಿಗೆಯಲ್ಲಿ ನಮ್ಮ ರಾಜ್ಯದ್ದೇ ಶ್ರೀರಂಗಪಟ್ಟಣದ ಹತ್ತಿರದ ನಗುವನಹಳ್ಳಿಯಲ್ಲಿ ನೆಲದಲ್ಲಿ ಬಿಲ ತೋಡಿ ಮರಿ ಮಾಡುವುದನ್ನು ನೋಡಬಹುದು.

ಬೇಸರದ ವಿಷಯವೂ ಒಂದಿದೆ, ಹೇಳಲೇಬೇಕು. ಏಪ್ರಿಲ್ ಅಂದರೆ ರಜೆ. ಮರಳಿನ ಮೇಲೆ ಜೀಪು, ಬೈಕು ಓಡಿಸುತ್ತಾರೆ, ಗುಂಪನ್ನು ಹಾರಿಸಿ ವಿಡಿಯೊ ತೆಗೆಯುತ್ತಾರೆ. ಒಂದು ಬೆಳಿಗ್ಗೆ ಒಂದು ಗಂಟೆಯಲ್ಲಿ ಅದೇ ಗುಂಪು ಏಳು ಸಲ ಎದ್ದದ್ದನ್ನು ಎಣಿಸಿದ್ದೇನೆ. ಪ್ರತಿ ಸಲ ಎದ್ದಾಗಲೂ ಕೂಡಿಟ್ಟ ಕೊಬ್ಬು ಸ್ವಲ್ಪ ಕರಗುತ್ತದೆ. ಇನ್ನೆರಡು ದಿನದಲ್ಲಿ ಹಿಮಾಲಯ ದಾಟಲು ಹೊರಡಬೇಕಾದ ಹಕ್ಕಿಗೆ ಅದು ಸಣ್ಣ ನಷ್ಟವಲ್ಲ. ನಾನು ಹೋಗಿ ಮೆತ್ತಗೆ ಹೇಳುತ್ತೇನೆ, ಬೈನಾಕ್ಯುಲರ್ ಕೈಗೆ ಕೊಟ್ಟು ಕೆಂಪು ಎದೆ ತೋರಿಸುತ್ತೇನೆ. ನೋಡಿದವರು ಸಾಮಾನ್ಯವಾಗಿ ಬೈಕನ್ನು ಆ ಕಡೆ ತಿರುಗಿಸುತ್ತಾರೆ.

ಮರುವಾಯಿ ಹೆಕ್ಕುವ ಅಕ್ಕ ಒಬ್ಬರು ನನ್ನನ್ನು ವರ್ಷಗಟ್ಟಲೆ ನೋಡಿದ್ದರು. ಒಂದು ದಿನ ಹತ್ತಿರ ಬಂದು, "ದಿನಾ ಬರ್ದುಕೊಳ್ತೀರಲ್ಲ, ಎಂತ ಬರೆಯುದು?" ಅಂತ ಕೇಳಿದರು. ಮೇ ತಿಂಗಳ ಮಧ್ಯ ಅದು. "ಹಕ್ಕಿ ಎಲ್ಲ ಹೋಯ್ತು ಅಂತ ಬರೀತಿದ್ದೇನೆ ಅಕ್ಕ" ಅಂದೆ. ಅವರು ತಲೆ ಅಲ್ಲಾಡಿಸಿದರು. "ಎಲ್ಲ ಹೋಗುದಿಲ್ಲ. ಮಳೆಗಾಲದಲ್ಲೂ ನಾಲ್ಕೈದು ಇಲ್ಲೇ ಇರ್ತದೆ. ನೀವು ಬರುದಿಲ್ಲ, ಅಷ್ಟೇ."

ಅವರು ಹೇಳಿದ್ದು ನಿಜ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬಂದು ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಂತ ಮೇಲೆ ನಾನೂ ಪುಸ್ತಕ ಮುಚ್ಚುತ್ತಿದ್ದೆ. ಆ ವರ್ಷ ಮುಚ್ಚಲಿಲ್ಲ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಯಿತು, ಬೋಟುಗಳೆಲ್ಲ ಧಕ್ಕೆ ಸೇರಿದವು. ಎರಡನೇ ವಾರ ಮಳೆ ಸ್ವಲ್ಪ ಬಿಟ್ಟ ಬೆಳಿಗ್ಗೆ ಕೊಡೆ ಹಿಡಿದು ಹೋದೆ. ಗಾಳಿಗೆ ಎದುರಾಗಿ, ಒಣಗಿದ ಬಳ್ಳಿಯ ಮರೆಯಲ್ಲಿ ಆರು ಪ್ಲೋವರ್‌ಗಳು ಕುಗ್ಗಿ ಕೂತಿದ್ದವು. ಆರೂ ಬೂದು. ಸ್ವಲ್ಪ ಆಚೆ ಬಾಗಿದ ಕೊಕ್ಕಿನ ಒಂದು ವಿಂಬ್ರೆಲ್. ಹಿಂದಿನ ವರ್ಷ ಹುಟ್ಟಿದ ಹಕ್ಕಿಗಳಲ್ಲಿ ಕೆಲವು ಮೊದಲ ಬೇಸಿಗೆಗೆ ವಾಪಸ್ ಹೋಗುವುದಿಲ್ಲ. ಬಣ್ಣವೂ ಬದಲಿಸುವುದಿಲ್ಲ. ಇಲ್ಲೇ ಮಳೆ ಕಳೆಯುತ್ತವೆ. ಅಂದರೆ ಜಾತಿಯ ಹೆಸರು ಮಾತ್ರ ಬರೆದಿದ್ದರೆ ಅವು ಹೋಗಲೇ ಇಲ್ಲ ಅನ್ನಬೇಕಾಗುತ್ತಿತ್ತು. ಹೋದವರು ಯಾರು, ಉಳಿದವರು ಯಾರು ಅಂತ ಹೇಳಿದ್ದು ಆ ಎರಡು ಕಾಲಂ. ಆ ದಿನದ ಸಾಲು: ಕೆಂಪು 0, ಬೂದು 6.

ಇ-ಬರ್ಡ್‌ಗೆ ಹಾಕುವಾಗಲೂ ಕಂಡ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಹಾಕುತ್ತೇನೆ, ಕಾಗೆ, ಬೆಳ್ಳಕ್ಕಿ, ಗರುಡ ಸೇರಿಸಿ. ಪೂರ್ತಿ ಪಟ್ಟಿ ಇದ್ದರೆ ಮಾತ್ರ ಅದರಲ್ಲಿ ಇಲ್ಲದ ಹಕ್ಕಿ ನಿಜವಾಗಿಯೂ ಕಾಣಲಿಲ್ಲ ಅಂತ ಬೇರೆಯವರಿಗೆ ಗೊತ್ತಾಗುತ್ತದೆ. ಕೆಂಪು ಬೂದಿನ ಲೆಕ್ಕವನ್ನು ಟಿಪ್ಪಣಿಯಲ್ಲಿ ಸೇರಿಸುತ್ತೇನೆ.

ಆಗಸ್ಟ್ ಮೊದಲ ವಾರ ಮತ್ತೆ ಹೋದೆ. ಅಕ್ಕ ನೀರಿನಲ್ಲೇ ಇದ್ದರು, ನನ್ನನ್ನು ನೋಡಿ ಕೈಯಲ್ಲಿ ತೆಂಕು ಬದಿ ತೋರಿಸಿದರು. ಬೂದು ಗುಂಪಿನ ಅಂಚಿನಲ್ಲಿ ಮೂರು ಹಕ್ಕಿಗಳು ಬೇರೆಯಾಗಿ ಕಂಡವು. ಎದೆಯ ಕೆಂಪು ಒಗೆದು ಒಗೆದು ಬಿಳಿಚಿದ ಬಟ್ಟೆಯ ಹಾಗೆ, ಗರಿಗಳ ತುದಿ ಸವೆದಿತ್ತು. ಹೋಗಿ, ಮರಿ ಮಾಡಿ, ಮೂರೇ ತಿಂಗಳಲ್ಲಿ ವಾಪಸ್ ಬಂದ ದೊಡ್ಡ ಹಕ್ಕಿಗಳು. ಅವತ್ತು ಪುಟದಲ್ಲಿ ಮೂರನೇ ಕಾಲಂ ಎಳೆಯಬೇಕಾಯಿತು. ಮಾಸಿದ ಕೆಂಪು: 3.